ಭಾಗಪ್ಪನ ಫಟಫಟಿಯ ಅಭ್ಯಂಜನ

ಯಾವ ವಸ್ತುವನ್ನು ಹೇಗೆ ತೊಳೆಯಬೇಕೆಂಬ ಜ್ಞಾನ ತನಗಿರುವಷ್ಟು ಇಡೀ ಕಲಬುರಗಿಯಲ್ಲಿ ಇನ್ನಾರಿಗೂ ಇಲ್ಲವೆಂದು ದತ್ತಪ್ಪನ ಗಟ್ಟಿ ನಂಬಿಕೆ. ತಹಸೀಲು ಕಚೇರಿಯ ಗುಮಾಸ್ತನಾದ ಅವನ ಟೊಪ್ಪಿಗೆಗೆ ನಿಜಾಮರ ಕಾಲದಲ್ಲೂ ಒಂದು ಕಲೆ ಇರಲಿಲ್ಲ. ಪೊಲೀಸ್ ಆಕ್ಷನ್ ಆಯಿತು, ಸರ್ಕಾರ ಬದಲಾಯಿತು, ಸಾಹೇಬರು ಬದಲಾದರು. ಟೊಪ್ಪಿಗೆ ಮಾತ್ರ ಅಷ್ಟೇ ಬೆಳ್ಳಗೆ ಉಳಿಯಿತು.

ಪೊಲೀಸ್ ಆಕ್ಷನ್ ಆದ ಎರಡನೆಯ ವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ಶಹಾಬಜಾರದ ಓಣಿಯನ್ನು ನಡುಗಿಸುತ್ತ ಅವನ ಹೆಂಡತಿ ಸಾವಿತ್ರಿಬಾಯಿಯ ತಮ್ಮ ಭಾಗಪ್ಪ ಕಮಲಾಪುರದಿಂದ ಬಂದಿಳಿದ. ಅವನು ಕೂತು ಬಂದ ಫಟಫಟಿಯನ್ನು, ಅಂದರೆ ಮೋಟಾರ್ ಸೈಕಲ್ಲನ್ನು, ಅಕ್ಕನೂ ಮಾಮನೂ ನೋಡಿದ್ದು ಅಂದೇ ಮೊದಲು. ಅಂಥದ್ದು ಇನ್ನೊಂದು ಇರುವುದೂ ಸಾಧ್ಯವಿರಲಿಲ್ಲ. ಫೌಜಿನವರು ಗುಜರಿಗೆ ಹಾಕಿದ್ದ ಮೂರು ಮುರುಕು ಗಾಡಿಗಳಲ್ಲಿ ಒಂದರ ಇಂಜಿನ್ನು, ಇನ್ನೊಂದರ ಚೌಕಟ್ಟು, ಮತ್ತೊಂದರ ಗಾಲಿ ಕೂಡಿಸಿ ಭಾಗಪ್ಪ ತಾನೇ ಕಟ್ಟಿದ ರಥ ಅದು. ಸೀಟು ಟಾಂಗಾ ಕುದುರೆಗೆ ಜೀನು ಹೊಲಿಯುವವನು ಹೊಲಿದದ್ದು. ಹಾರನ್ನು ಯಾವುದೋ ಸತ್ತ ಬಸ್ಸಿನದು. ಈಗ ಅದೆಲ್ಲದರ ಮೇಲೆ ಕಮಲಾಪುರದ ಕೆಂಪು ರಾಡಿ, ಹಣೆಯಿಂದ ಹಿಮ್ಮಡಿಯವರೆಗೆ.

ಮರುದಿನ ಬೆಳಿಗ್ಗೆ ಭಾಗಪ್ಪ ಹೆಣ್ಣು ನೋಡಲು ಹೋಗುವುದಿತ್ತು. ಪಕ್ಕದ ಓಣಿಯ ತೊಗರಿಬೇಳೆ ವ್ಯಾಪಾರಿ ಜಗದೇವಪ್ಪನ ಮಗಳು. ಹಿಂದೆ ಎರಡು ಕಡೆ ಮಾತು ಮುರಿದು ಬಿದ್ದಿತ್ತು. ಇದೂ ಮುರಿದರೆ ಸಾವಿತ್ರಿಬಾಯಿ ತವರಿಗೆ ಮುಖ ತೋರಿಸುವಂತಿರಲಿಲ್ಲ.

"ಮಾಮಾ, ನಾ ಕ್ಷೌರ ಮಾಡಿಸ್ಕೊಂಡು, ದರ್ಜಿ ಕಡಿಂದ ಕೋಟು ಇಸ್ಕೊಂಡು ಬರ್ತೀನಿ. ಗಾಡಿ ಹಂಗೇ ಇರ್ಲಿ, ಬಂದು ನಾನೇ ಒರಸ್ತೀನಿ" ಎಂದ ಭಾಗಪ್ಪ.

"ನೀ ಹೋಗು. ಗಾಡಿ ನನಗ ಬಿಡು" ಎಂದ ದತ್ತಪ್ಪ. "ನೀ ಬರೂದ್ರಾಗ ಅದರಾಗ ಮುಖ ನೋಡಿ ತಲಿ ಬಾಚ್ಕೋಬೇಕು, ಹಂಗ ಮಾಡಿ ಇಟ್ಟಿರ್ತೀನಿ."

ಭಾಗಪ್ಪನಿಗೆ ಅಳುಕು. ಇಂಜಿನ್ನು ಆರುವವರೆಗೆ ನೀರು ಹಾಕಬಾರದು, ಕಿಡಿ ಹುಟ್ಟುವ ಡಬ್ಬಿಗೆ ಹನಿಯೂ ತಾಗಬಾರದು, ಹೊಗೆಕೊಳವೆಯೊಳಗೆ ನೀರು ಹೋಗಬಾರದು, ಜೀನು ನೆನೆಯಬಾರದು ಎಂದು ನಾಲ್ಕು ಸಲ ಹೇಳಿದ. ಹೊಸ್ತಿಲು ದಾಟಿ ಮತ್ತೊಮ್ಮೆ ತಿರುಗಿ, "ಮಣ್ಣಷ್ಟೇ ತೆಗೀರಿ ಮಾಮಾ, ಬ್ಯಾರೆ ಏನೂ ಮುಟ್ಟಬ್ಯಾಡ್ರಿ" ಎಂದು ಕೈಮುಗಿದು ಹೋದ.

ಒಂದೊಂದು ಮಾತನ್ನೂ ದತ್ತಪ್ಪ ಸರ್ಕಾರಿ ಹುಕುಮಿನಂತೆ ಪಾಲಿಸಿದ. ಇಂಜಿನ್ನು ಆರುವತನಕ ಕಾದ. ಡಬ್ಬಿಗೆ ಎಣ್ಣೆಬಟ್ಟೆ ಸುತ್ತಿದ, ಕೊಳವೆಗೆ ಚಿಂದಿ ತುರುಕಿದ, ಜೀನಿಗೆ ಹೆಂಡತಿಯ ಹಳೇ ಸೀರೆ ಹೊದಿಸಿದ. ಆಮೇಲೆ ಧೋತರ ಮೇಲೆ ಕಟ್ಟಿ, ಅಭಿಷೇಕಕ್ಕೆ ನಿಂತ ಅರ್ಚಕನಂತೆ ಮೊದಲ ಕೊಡ ಎತ್ತಿದ.

ಕೆಂಪು ನೀರು ಹರಿಯಿತು. ಎರಡನೆಯ ಕೊಡ ಸುರಿದ, ಕೆಂಪು. ಐದನೆಯ ಕೊಡದಲ್ಲಿ ರಾಡಿಯ ಹೆಂಟೆಗಳೆಲ್ಲ ಹೋದವು. ಆದರೆ ಗಾಡಿಯ ಮೈ ಇನ್ನೂ ಕೆಂಪಗೇ ಇತ್ತು. ಬೆರಳಿನಿಂದ ಉಜ್ಜಿ ನೋಡಿದ. ಬೆರಳೂ ಕೆಂಪಾಯಿತು.

"ನಿಮ್ಮೂರ ಮಣ್ಣು ಏನು ಮಣ್ಣೇ ಇದು, ಗೋಂದೇನು?" ಎಂದ.

ಸಾವಿತ್ರಿಬಾಯಿಗೆ ತವರಿನ ಮಣ್ಣಿನ ಮೇಲೂ ಅಭಿಮಾನ. "ನಮ್ಮೂರ ಮಣ್ಣು ಹಂಗೇರಿ. ಒಮ್ಮಿ ಹಿಡೀತಂದ್ರ ಬಿಡಂಗಿಲ್ಲ. ಅದಕ್ಕೇ ಬಾಳಿಹಣ್ಣು ಸೈತ ಕೆಂಪು ಆಗ್ತಾವ. ಸಾಕು ಬಿಡ್ರಿ, ಹಂಗೇ ಛಂದ ಕಾಣ್ತದ."

ಸಾಕು ಎಂಬ ಮಾತು ಕಿವಿಗೆ ಬಿದ್ದದ್ದೇ ದತ್ತಪ್ಪನಿಗೆ ಪೌರುಷ ಬಂತು. ಸೀಗೆಪುಡಿ ಹಾಕಿ ತಿಕ್ಕಿದ. ಅಂಟವಾಳದ ನೊರೆ ಬಳಿದ. ಅದಕ್ಕೂ ಜಗ್ಗದಾಗ ಒಲೆಯ ಬೂದಿ ತಂದ. ಬೂದಿಗೆ ತೆಂಗಿನ ನಾರು ಜೊತೆಯಾಯಿತು, ನಾರಿಗೆ ಇಟ್ಟಿಗೆಪುಡಿ ಜೊತೆಯಾಯಿತು. ಆಗ, ಪೆಟ್ರೋಲ್ ಟಾಕಿಯ ಮಗ್ಗುಲಲ್ಲಿ ರೂಪಾಯಿಯಷ್ಟಗಲ ಬೆಳ್ಳಿಯಂಥ ಕಬ್ಬಿಣ ಫಳಕ್ಕನೆ ಕಂಡಿತು.

"ನೋಡಿದೇನ? ಒಳಗ ಹ್ಯಾಂಗ ಇತ್ತು, ನಿನ್ನ ತಮ್ಮ ಹ್ಯಾಂಗ ಇಟ್ಟಾನ" ಎಂದು ಕೂಗಿದವನು ಮತ್ತೆ ತಲೆ ಎತ್ತಲಿಲ್ಲ. ಮೂರು ತಾಸು ತಿಕ್ಕಿದ. ಹಿಂದಿನ ಮಡ್ಗಾರ್ಡೊಂದು ಬಿಟ್ಟು ಇಡೀ ಗಾಡಿ ದೇವರಮನೆಯ ತಂಬಿಗೆಯಂತೆ ಹೊಳೆಯತೊಡಗಿತು.

ಅಷ್ಟರಲ್ಲಿ ಪಕ್ಕದ ಮನೆಯ ಬಡಗಿ ಖಮರುದ್ದೀನ್ ಏದುಸಿರು ಬಿಡುತ್ತ ಒಳಗೆ ಬಂದ.

"ಎಲ್ಲಾ ಖೈರಿಯತ್ ಅದ ಅಲ್ಲರೀ? ಮೋರಿಯಾಗ ಕೆಂಪು ನೀರು ಹರೀಲಿಕತ್ತದ. ಯಾರಿಗರೆ ಪೆಟ್ಟಾತೇನೋ ಅಂತ ಓಡಿ ಬಂದೆ."

"ಪೆಟ್ಟಲ್ಲ ಸಾಬ್ರ, ಕಮಲಾಪುರದ ಮಣ್ಣು" ಎಂದು ದತ್ತಪ್ಪ ಬೆವರು ಒರೆಸಿಕೊಂಡ.

ಖಮರುದ್ದೀನ್ ಬಗ್ಗಿ, ಇನ್ನೂ ಕೆಂಪಗಿದ್ದ ಹಿಂದಿನ ಮಡ್ಗಾರ್ಡನ್ನು ಉಗುರಿನಿಂದ ಕೆರೆದು ಮೂಸಿದ. ಮತ್ತೊಮ್ಮೆ ಮೂಸಿದ. ಮೂವತ್ತು ವರ್ಷ ಬಾಗಿಲುಗಳಿಗೆ ಬಣ್ಣ ಹಚ್ಚಿದ ಮೂಗು ಅದು.

"ದತ್ತಪ್ಪನೋರ, ಇದಕ್ಕ ಅಗಸಿ ಎಣ್ಣಿ ವಾಸನಿ ಬರ್ತದ. ಮಣ್ಣಿಗಿ ಅಗಸಿ ಎಣ್ಣಿ ಯಾರು ಹಾಕ್ತಾರ್ರೀ? ಇದು ಬಣ್ಣ."

ದತ್ತಪ್ಪ ಕೈಯಲ್ಲಿದ್ದ ನಾರನ್ನು ನೋಡಿದ. ಸಾವಿತ್ರಿಬಾಯಿ ದತ್ತಪ್ಪನನ್ನು ನೋಡಿದಳು.

"ಸಾಕು ಅಂದಿದ್ದೆ ನಾ" ಎಂದಳು. ಅಷ್ಟೇ ಅಂದದ್ದು.

ಹೊಸ್ತಿಲು ಸಾರಿಸಲು ಇಟ್ಟಿದ್ದ ಕೆಮ್ಮಣ್ಣನ್ನು ಕಲಸಿ ಬಳಿದು ನೋಡಿದರು. ಒಣಗುತ್ತಲೇ ಅದು ಹಪ್ಪಳದಂತೆ ಎದ್ದು ಉದುರಿತು. ದೀಪ ಹಚ್ಚುವ ಹೊತ್ತಿಗೆ ಹೊಸ ಕೋಟು, ಹೊಸ ಕ್ರಾಪಿನೊಂದಿಗೆ ಭಾಗಪ್ಪ ಬಂದ. ಗಾಡಿಯ ಎದುರೇ ನಿಂತು ಅತ್ತ ಇತ್ತ ನೋಡಿ ಕೇಳಿದ:

"ಮಾಮಾ, ನನ್ನ ಗಾಡಿ ಎಲ್ಲಿ ಇಟ್ಟೀರಿ?"

ದತ್ತಪ್ಪ ಬೆರಳು ತೋರಿಸಿದ. ಭಾಗಪ್ಪ ಅಲ್ಲೇ ಕಟ್ಟೆಯ ಮೇಲೆ ಕುಸಿದ. ಗುಡ್ಡದ ಕೆಮ್ಮಣ್ಣನ್ನು ಮೂರು ಸಲ ಸೋಸಿ, ಅಗಸೆ ಎಣ್ಣೆಯಲ್ಲಿ ಎಂಟು ದಿನ ಅರೆದು, ತಮ್ಮೂರ ಬಾಳೆಹಣ್ಣಿನದೇ ಬಣ್ಣ ಬರುವಂತೆ ಅವನು ಕೈಯಾರೆ ಹಚ್ಚಿದ್ದ ಬಣ್ಣವಂತೆ ಅದು.

"ಅಂದ್ರ ಮಣ್ಣೇ ಆತಲ್ಲೋ" ಎಂದ ದತ್ತಪ್ಪ ಕ್ಷೀಣ ಸ್ವರದಲ್ಲಿ. "ಮಣ್ಣಷ್ಟೇ ತೆಗೀರಿ ಅಂತ ನೀನೇ ಅಂದಿದ್ದಿ."

ಸಾವಿತ್ರಿಬಾಯಿ ನೋಡಿದ ನೋಟಕ್ಕೆ ಅವನ ವಾದ ಅಲ್ಲೇ ನಿಂತಿತು.

ಮಡ್ಗಾರ್ಡೊಂದೇ ಕೆಂಪಗಿದ್ದರೆ ಮಂಗನ ಹಿಂಭಾಗದಂತೆ ಕಾಣುತ್ತದೆಂದು ಬೆಳಿಗ್ಗೆ ಅದನ್ನೂ ತಿಕ್ಕಿ, ತುಕ್ಕು ಹಿಡಿಯದಂತೆ ಶೇಂಗಾ ಎಣ್ಣೆ ಸವರಿದರು. ಭಾಗಪ್ಪ ಅಳುಮುಖದಲ್ಲೇ ಗಾಡಿ ನೂಕಿಕೊಂಡು ಹೊರಟ, ಹಿಂದೆ ದಂಪತಿಗಳು. ಜಗದೇವಪ್ಪ ಬಾಗಿಲಲ್ಲೇ ನಿಂತು ಗಾಡಿಯನ್ನು ಒಂದು ಸುತ್ತು ಬಂದು ನೋಡಿದ.

"ಹುಡುಗಂದು ಕೆಂಪು ಗಾಡಿ ಅಂತ ಕೇಳಿದ್ದೆ" ಎಂದ.

ದತ್ತಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

"ಹುಡುಗ ಸುಳ್ಳು ಹೇಳಿಲ್ರಿ ಯಜಮಾನ್ರ. ಕೆಂಪೇ ಇತ್ತು. ನಾ ಮಣ್ಣಂತ ತಿಳಿದು ಬೂದಿ ಹಾಕಿ ತಿಕ್ಕೀನಿ. ತಪ್ಪು ನಂದು, ಹೆಸರು ಅವಂದು ಕೆಡೂದು ಬ್ಯಾಡ."

ಜಗದೇವಪ್ಪ ಹೊಟ್ಟೆ ಹಿಡಿದು ನಕ್ಕ. "ಪುಣ್ಯಾ ಮಾಡೀರಿ. ಈಗಿನ ದಿನದಾಗ ಕೆಂಪು ಅಂದ್ರ ತಪಾಸಣಿ ನಾಕಾದಾಗೆಲ್ಲ ಪೊಲೀಸರು ನಿಲ್ಲಸ್ತಾರ, ಯಾವ ಪಾರ್ಟಿಯವ ಅಂತ ಕೇಳ್ತಾರ. ಆ ಗಾಡಿ ಸಲುವಾಗಿ ನಾ ಒಲ್ಲೆ ಅನ್ನೋವ ಇದ್ದೆ. ಇದು ನೋಡ್ರಿ, ಸಂಸಾರಸ್ಥರ ಗಾಡಿ. ನನ್ನದು ಒಪ್ಪಿಗಿ."

ದತ್ತಪ್ಪನ ಟೊಪ್ಪಿಗೆ ಮತ್ತೆ ತಲೆಗೇರಿತು. ಎದೆಯೂ ನಾಲ್ಕು ಬೆರಳು ಉಬ್ಬಿತು. "ಇದನ್ನೆಲ್ಲಾ ಮುಂದಾಗಿ ಯೋಚನಿ ಮಾಡೇ..." ಎಂದು ಅವನು ಶುರುಮಾಡುವಷ್ಟರಲ್ಲಿ ಒಳಬಾಗಿಲಲ್ಲಿ ಬಳೆ ಸದ್ದಾಯಿತು. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಹುಡುಗಿ ಹಣಮಮ್ಮ ಗಂಡಿನ ಮುಖಕ್ಕಿಂತ ಮೊದಲು ಗಾಡಿಯನ್ನು ನೋಡಿ ಅಲ್ಲೇ ನಿಂತಳು.

"ಅಪ್ಪಾ, ಕಮಲಾಪುರದ ಅತ್ತಿ ಮನಿಗಿ ಹೋದಾಗ ನಾ ನೋಡಿದ್ದು ಕೆಂಪು ಗಾಡಿ. ಇದು ಮಜ್ಜಿಗಿ ಕೊಡಪಾನ ಕಂಡಂಗ ಕಾಣ್ತದ. ಕೆಂಪು ಆದ್ರ ಹೂಂ, ಇಲ್ಲಾಂದ್ರ ಊಹೂಂ."

ಜಗದೇವಪ್ಪ ಗದರಿಸಿದ, ಓಲೈಸಿದ, ಕೊನೆಗೆ ಸೋತ. ಭಾಗಪ್ಪನ ಮುಖ ಮಾತ್ರ ನಿನ್ನೆಯಿಂದ ಮೊದಲ ಬಾರಿಗೆ ಅರಳಿತು. ಮುಂದಿನದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಎಲ್ಲರೂ ದತ್ತಪ್ಪನ ಕಡೆ ತಿರುಗಿದರು, ಅಷ್ಟೇ.

ಹದಿನೈದು ದಿನ ರಜೆ ಹಾಕಿ ದತ್ತಪ್ಪ ಕಮಲಾಪುರಕ್ಕೆ ಹೋದ. ಗುಡ್ಡದಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತ, ಮೂರು ಸಲ ಸೋಸಿದ, ಅಗಸೆ ಎಣ್ಣೆಯಲ್ಲಿ ಅರೆದ. ಟೊಪ್ಪಿಗೆ ಕೆಂಪಾಯಿತು, ಮೀಸೆ ಕೆಂಪಾಯಿತು, ಉಂಡ ರೊಟ್ಟಿಯೂ ಅಗಸೆ ಎಣ್ಣೆ ನಾರತೊಡಗಿತು. ಹನ್ನೆರಡನೆಯ ದಿನ ಕೊನೆಯ ಕೈ ಹಚ್ಚಿ, ಬಣ್ಣ ಆರಲೆಂದು ಬೀದಿಯ ಬೇವಿನ ಮರದಡಿ ಗಾಡಿ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತ ನಿಂತ. ಬಾಳೆಹಣ್ಣಿನದೇ ಬಣ್ಣ, ಎಳ್ಳಷ್ಟು ಹೆಚ್ಚುಕಡಿಮೆ ಇಲ್ಲ. ಇಂಥ ಕೆಲಸ ಇಡೀ ಹೈದರಾಬಾದು ಸಂಸ್ಥಾನದಲ್ಲಿ ಇನ್ನಾರೂ ಮಾಡಿಲ್ಲವೆಂದು ಅವನಿಗೆ ಖಾತ್ರಿಯಾಯಿತು.

ಬಾವಿಯಿಂದ ತುಂಬಿದ ಕೊಡ ಹೊತ್ತು ಬರುತ್ತಿದ್ದ ದುಂಡಮ್ಮನೆಂಬ ಮುದುಕಿ ಗಾಡಿಯ ಹತ್ತಿರ ನಿಂತಳು. ಗಾಡಿಯನ್ನು ನೋಡಿದಳು, ಅವನ ಮೀಸೆ ನೋಡಿದಳು. ಅವಳ ಮನಸ್ಸು ಕರಗಿತು.

"ಎಷ್ಟು ದೂರದಿಂದ ಬಂದಿಯೋ ಏನೋ ಯಪ್ಪಾ, ಪೂರಾ ರಾಡಿ ಆಗೇದ" ಎಂದವಳೇ, ಅವನು ಬಾಯಿ ತೆರೆಯುವ ಮೊದಲೇ ಕೊಡವನ್ನು ಗಾಡಿಯ ಮೇಲೆ ಬೋರಲು ಮಾಡಿದಳು.