ಭಾವನ ಉಗುರು ಬೇಟೆ

ನಮ್ಮ ಭಾವ ಹಿರಿಯರ ಕಾಲಿಗೆ ಬಿದ್ದಷ್ಟು ಇಡೀ ನ್ಯೂಜೆರ್ಸಿಯಲ್ಲಿ ಇನ್ಯಾರೂ ಬಿದ್ದಿರಲಿಕ್ಕಿಲ್ಲ! ಯುಗಾದಿ ಇರಲಿ, ಯಾರದೋ ಮಗುವಿನ ನಾಮಕರಣ ಇರಲಿ, ಅರವತ್ತು ದಾಟಿದವರು ಕಂಡರೆ ಸಾಕು, ಬಗ್ಗಿಯೇಬಿಡುತ್ತಾರೆ. “ಎಂಥ ಸಂಸ್ಕಾರವಂತ!” ಎಂದು ಆಂಟಿಯರು ನನ್ನ ಅಕ್ಕನ ಅದೃಷ್ಟವನ್ನು ಹೊಗಳುತ್ತಾರೆ. ಅಕ್ಕ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಾಳೆ. ಮುಂದಿನದು ಅವಳಿಗೆ ಗೊತ್ತು. ಬಗ್ಗಿದ ಭಾವ ಸಾಕಷ್ಟು ಹೊತ್ತು ಕೆಳಗೇ ಇದ್ದು, ಎದ್ದ ಕೂಡಲೇ ಕೇಳುತ್ತಾರೆ:

“ಅಂಕಲ್, ನಿಮ್ಮ ಹೆಬ್ಬೆರಳಿನ ಉಗುರು ಚೆನ್ನಾಗಿ ಬೆಳೆದಿದೆ. ನನಗೆ ಕೊಡ್ತೀರಾ?”

ಗಾಬರಿಯಾಗಬೇಡಿ. ಭಾವ ಯೂನಿವರ್ಸಿಟಿಯೊಂದರಲ್ಲಿ ಸಂಶೋಧಕರು. ಹೊಲ, ತೋಟಗಳಲ್ಲಿ ಬದುಕುವವರ ಮೈಗೆ ನೀರಿನಿಂದ, ಮಣ್ಣಿನಿಂದ, ಹಿಂದೆಂದೋ ಗಿಡಗಳಿಗೆ ಹೊಡೆದ ಔಷಧಿಯಿಂದ ಏನೇನು ಸೇರುತ್ತದೆ ಎಂದು ಹುಡುಕುವುದು ಅವರ ಕೆಲಸ. ಬಾವಿ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದ್ದರೆ ಅದು ಕಾಲಿನ ಉಗುರಿನಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದಂತೆ. ಹೋಲಿಸಿ ನೋಡುವುದಕ್ಕೆ ಹೊಲವೂ ಬಾವಿಯೂ ಇಲ್ಲದ ನಮ್ಮಂಥ ಪಟ್ಟಣಿಗರ ಉಗುರೂ ಬೇಕಂತೆ. ಕೊಡೋಣ ಎಂದರೆ ಮೊದಲು ನಾಲ್ಕು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ! ನಾನು ಮನೆ ಕೊಂಡಾಗಲೂ ಇಷ್ಟು ಗಮನವಿಟ್ಟು ಸಹಿ ಮಾಡಿರಲಿಲ್ಲ.

ನೀರಿನ ವಿಷಯವಂತೂ ಕೇಳಲೇಬೇಡಿ. ರಾಬಿನ್ಸ್‌ವಿಲ್ ಆಚೆ ನನ್ನ ನಾದಿನಿ ಹೊಸ ಮನೆ ಮಾಡಿದಳು. ಹಿತ್ತಲಲ್ಲಿ ಸ್ವಂತ ಬೋರ್‌ವೆಲ್ ಇದೆ ಎಂದು ಬೀಗುತ್ತಿದ್ದಳು, ಪಾಪ. ಗೃಹಪ್ರವೇಶದ ದಿನ ಭಾವನ ಕೈಗೆ ಪಾನಕದ ಲೋಟ ಕೊಟ್ಟಳು.

“ಇದು ಟೌನ್ ವಾಟರಾ, ವೆಲ್ ವಾಟರಾ?”

“ವೆಲ್ಲು! ಸಕ್ಕತ್ ಸಿಹಿ ನೀರು ಗೊತ್ತಾ!”

“ಟೆಸ್ಟ್ ಮಾಡ್ಸಿದೀಯಾ?”

ಅಷ್ಟೇ. ಲೋಟ ಕೆಳಗಿಟ್ಟು, ಜೋಳಿಗೆಯಿಂದ ತಮ್ಮದೇ ಬಾಟಲಿ ತೆಗೆದು ಕುಡಿದರು. ಪುರೋಹಿತರೂ ಸದ್ದಿಲ್ಲದೆ ತಮ್ಮ ಲೋಟ ಕೆಳಗಿಟ್ಟರು! ನಾದಿನಿ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಳು. ಭಾವ ಕುಡಿಯದಿದ್ದರೆ ಅದಕ್ಕೆ ನಾನು ಹೊಣೆಯೇ?

ಮೈಸೂರಿನಿಂದ ಅಮ್ಮ ಹ್ಯಾರಿಸನ್‌ನ ನನ್ನ ಅಪಾರ್ಟ್‌ಮೆಂಟಿಗೆ ಬಂದಾಗ ಭಾವ ಬಂದು ಕಾಲಿಗೆರಗಿದರು. ಅಮ್ಮ ಆಶೀರ್ವಾದ ಮಾಡುತ್ತಿದ್ದಂತೆಯೇ ಅರ್ಜಿ ಸಲ್ಲಿಕೆಯಾಯಿತು. ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು.

“ಅಳಿಯಂದಿರು ನನ್ನ ಉಗುರು ಕೇಳ್ತಿದಾರಲ್ಲೇ! ನಮ್ಮ ಕಡೆ ಉಗುರು, ಕೂದ್ಲು ಕೇಳೋರು ಯಾರು ಗೊತ್ತಾ? ಮಾಟ ಮಾಡೋರು!”

ಅಳಿಯನಿಗೆ ಇಲ್ಲ ಎನ್ನುವುದಾದರೂ ಹೇಗೆ? ಅಂದು ಶುಕ್ರವಾರ, ಉಗುರು ತೆಗೆಯುವ ಹಾಗಿಲ್ಲ. ಮರುದಿನ ಶನಿವಾರ, ಅದೂ ಇಲ್ಲ. ಭಾನುವಾರ ಭಾವ ಬರುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ಹೀಗೆ ಮೂರು ತಿಂಗಳು ನೂಕಿ ಅಮ್ಮ ಇಪ್ಪತ್ತು ಉಗುರನ್ನೂ ಜೋಪಾನವಾಗಿ ಮೈಸೂರಿಗೆ ಕೊಂಡೊಯ್ದಳು. ನಾನೂ ಅವಳ ಮಗಳೇ ತಾನೇ? ಉಗುರು ಹಾಕಿಡಲೆಂದು ನನ್ನ ಹೆಸರು ಬರೆದು ಭಾವ ಕೊಟ್ಟ ಲಕೋಟೆ ಫ್ರಿಜ್ ಮೇಲೆ ಖಾಲಿ ಬಿದ್ದಿತ್ತು.

ಕಳೆದ ಶರತ್ಕಾಲದಲ್ಲಿ ಭಾವನ ಕಾರು ಕೈಕೊಟ್ಟಿತು. “ಶುಕ್ರವಾರ ನಿನಗೆ ವರ್ಕ್ ಫ್ರಂ ಹೋಮ್ ಅಲ್ವಾ? ಸ್ವಲ್ಪ ಡ್ರೈವ್ ಮಾಡಮ್ಮ” ಎಂದರು. ಕ್ರ್ಯಾನ್‌ಬರಿಯ ಗೋದಾಮುಗಳ ಸಾಲು ದಾಟಿ, ಇನ್ನೂ ಒಂದು ಗಂಟೆ ಆಚೆ, ಒಂದು ಪೀಚ್ ತೋಟಕ್ಕೆ ಹೋದೆವು. ಅಲ್ಲಿ ಎಂಬತ್ತು ದಾಟಿದ ಅಮೆರಿಕನ್ ಅಜ್ಜಿ ಒಬ್ಬರೇ ಇದ್ದರು. ಮಂಡಿನೋವು, ಬಗ್ಗಲಾಗದು. ಬಾವಿ ನೀರನ್ನು ಪರೀಕ್ಷೆಗೆ ಕೊಡಲು ಅವರಿಗೆ ವರ್ಷಗಟ್ಟಲೆ ಮನಸ್ಸಿರಲಿಲ್ಲವಂತೆ. ಈಗ ಮೊಮ್ಮಗಳು ಕೈಗೂಸಿನೊಂದಿಗೆ ಬಂದು ಅಲ್ಲೇ ಇರುವವಳಿದ್ದಳು. ಮಗುವಿನ ಹಾಲಿನ ಪುಡಿ ಕಲಸುವುದು ಅದೇ ನೀರಿನಲ್ಲಿ.

ಭಾವ ಪರೀಕ್ಷೆಗೆ ಒಂದು ಶೀಶೆ ನೀರು ಹಿಡಿದಿಟ್ಟು, ನೆಲದ ಮೇಲೆ ಕೂತು, ಅಜ್ಜಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹತ್ತೂ ಬೆರಳಿನ ಉಗುರು ತೆಗೆದರು. ಆಮೇಲೆ ಕಾಲುಚೀಲ ತೊಡಿಸಿದರು. “ನನ್ನ ಗಂಡ ಹೋದ ಮೇಲೆ ಈ ಕಾಲನ್ನು ಯಾರೂ ಮುಟ್ಟಿಲ್ಲ” ಎಂದು ಅಜ್ಜಿ ನಕ್ಕರು.

ಆರು ವಾರದ ಮೇಲೆ ಇನ್ನೊಂದು ಶುಕ್ರವಾರ ಮತ್ತೆ ಹೋದೆವು. ಫಲಿತಾಂಶ ಅಂಚೆಯಲ್ಲಿ ಕಳಿಸಬಹುದಿತ್ತು. “ಇಂಥದ್ದನ್ನ ಕಾಗದದಲ್ಲಿ ಹೇಳಬಾರದಮ್ಮ” ಎಂದರು ಭಾವ. ಅಜ್ಜಿ ನಲ್ಲಿಯಿಂದ ಹಿಡಿದ ಎರಡು ಲೋಟ ನೀರು ಮೇಜಿನ ಮೇಲಿಟ್ಟು ಕೂತರು. ಭಾವ ಮೆಲ್ಲಗೆ ಹೇಳಿದರು: ನೀರಿನಲ್ಲಿ ಆರ್ಸೆನಿಕ್ ಇದೆ, ಇರಬಹುದಾದ್ದಕ್ಕಿಂತ ಹೆಚ್ಚು. ಫಿಲ್ಟರ್ ಹಾಕಿಸಿದರೆ ಸರಿಹೋಗುತ್ತದೆ, ಅಲ್ಲಿಯವರೆಗೆ ಕೂಸಿಗೆ ಬಾಟಲಿ ನೀರು.

ಅಜ್ಜಿ ಕೂಸಿನ ಬಗ್ಗೆ ಏನೂ ಕೇಳಲಿಲ್ಲ. ಲೋಟವನ್ನೇ ನೋಡುತ್ತಾ ಹೇಳಿದರು:

“ನನ್ನ ಗಂಡ ಕ್ಯಾನ್ಸರ್‌ನಲ್ಲಿ ಹೋದ. ದಿನಾ ತೋಟದಿಂದ ಬಂದ ಕೂಡಲೇ ಅವನಿಗೆ ನೀರು ಕೊಡುತ್ತಿದ್ದವಳು ನಾನು. ಐವತ್ತು ವರ್ಷ. ನಾನೇ ವಿಷ ಕೊಟ್ಟೆನಾ?”

ಇದಕ್ಕೇ ಅವರು ಇಷ್ಟು ವರ್ಷ ಪರೀಕ್ಷೆ ಬೇಡವೆಂದಿದ್ದು. ನನಗೆ ಎದ್ದು ಓಡಿಹೋಗೋಣ ಅನ್ನಿಸಿತು.

“ಅವರಿಗೆ ಯಾವುದರಿಂದ ಬಂತು ಅಂತ ನನಗೆ ಗೊತ್ತಿಲ್ಲ, ಮ್ಯಾಮ್. ಯಾರಿಗೂ ಗೊತ್ತಾಗೋದಿಲ್ಲ” ಎಂದರು ಭಾವ. ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ. ಆಮೇಲೆ ಕೈ ಚಾಚಿ ತಮ್ಮ ಮುಂದಿದ್ದ ಲೋಟ ಎತ್ತಿಕೊಂಡರು. ಗೃಹಪ್ರವೇಶದ ಪಾನಕವನ್ನೇ ಮುಟ್ಟದ ಮನುಷ್ಯ ಅದನ್ನು ನಿಧಾನವಾಗಿ, ತಳ ಕಾಣುವವರೆಗೂ ಕುಡಿದರು.

“ಬಾಯಾರಿ ಬಂದವರಿಗೆ ನೀವು ನೀರು ಕೊಟ್ರಿ, ಮ್ಯಾಮ್. ನೀವು ಕೊಟ್ಟಿದ್ದು ಅಷ್ಟೇ.”

ಅಜ್ಜಿ ಭಾವನ ಕೈ ಹಿಡಿದುಕೊಂಡು ತುಂಬ ಹೊತ್ತು ಅತ್ತರು. ನಾನೂ ಅತ್ತೆ.

ವಾಪಸ್ ಬರುವಾಗ, “ಭಾವ, ಏನಾಗಲ್ವಾ?” ಎಂದೆ. “ಒಂದು ಲೋಟಕ್ಕೆ ಏನೂ ಆಗಲ್ಲಮ್ಮ. ವರ್ಷಗಟ್ಟಲೆ ಕುಡಿದ್ರೆ ಕಷ್ಟ” ಎಂದು ಬಾಟಲಿ ತೆಗೆದರು. ಹಾಗಾದರೆ ನಾದಿನಿಯ ಪಾನಕ ಏನು ಪಾಪ ಮಾಡಿತ್ತು? ಕೇಳಲಿಲ್ಲ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಶುಕ್ರವಾರ ಬೇರೆ. ಫ್ರಿಜ್ ಮೇಲಿನ ಲಕೋಟೆ ಇಳಿಸಿ, ಧೂಳು ಒರೆಸಿ, ಉಗುರು ಕತ್ತರಿಸಲು ಕೂತೆ.