ಇಸುಬಿನ ಜೊತೆ ಸಂಸಾರ

ಹುಟ್ಟಿದಾಗಿನಿಂದ ಇಸುಬು ನನ್ನ ಜೊತೆಗಿದೆ. ಮೊಣಕೈ ಮಡಿಕೆಯಲ್ಲಿ ಕೆಂಪಗೆ ಏಳುತ್ತದೆ, ಕಡಿಯುತ್ತದೆ, ಇಳಿಯುತ್ತದೆ. ಆದರೆ ನಗುವಂಥ ಪ್ರಸಂಗವೊಂದನ್ನು ಕೈಗೆ ಕೊಡದೆ ಇಳಿದದ್ದು ಕಡಿಮೆ.

ಬೆಂಚು

ಸಿರುಗುಪ್ಪದಲ್ಲಿ ಮೂರನೇ ಕ್ಲಾಸು. ಅಂಟಿಕೊಳ್ಳುತ್ತದೆಂದು ಹೆದರಿ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ. ಇಡೀ ಬೆಂಚಿಗೆ ನಾನೊಬ್ಬಳೇ. ಒಂದು ದಿನ ಅತ್ತೇಬಿಟ್ಟೆ. ನಮ್ಮ ಟೀಚರ್ ಬಂದು ನನ್ನ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು, ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ ಎಂದು ಎಲ್ಲರಿಗೂ ಹೇಳಿದರು. ಮರುದಿನ ನಾಲ್ಕು ಹುಡುಗಿಯರು ಬಂದು ಒತ್ತೊತ್ತಾಗಿ ಕೂತರು. ವಾರ ಕಳೆಯುವಷ್ಟರಲ್ಲಿ ನಾನೇ ಟೀಚರ್ ಹತ್ತಿರ ಹೋದೆ.

"ಟೀಚರ್, ಒಂಚೂರು ಅಂಟ್ತೈತಿ ಅಂತ ಹೇಳ್ರಿ. ಬರಿಯಾಕ ಜಾಗಾನ ಇಲ್ಲ."

ಕುರುಗೋಡಿನ ವರ

ನನ್ನನ್ನು ನೋಡಲು ಕುರುಗೋಡಿನಿಂದ ವರನ ಕಡೆಯವರು ಬಂದದ್ದು ಕೆಟ್ಟ ಬೇಸಿಗೆಯಲ್ಲಿ. ಇಸುಬು ಕಾಣಬಾರದೆಂದು ಅಮ್ಮ ಉದ್ದ ತೋಳಿನ ಕುಪ್ಪಸ ತೊಡಿಸಿದ್ದಳು. ಏನೇ ಆದರೂ ಕೆರೆದುಕೊಳ್ಳಬಾರದೆಂಬ ಆಜ್ಞೆ ಬೇರೆ. ಬೆವರಿಗೆ ಕಡಿತ ತಡೆಯಲಾಗದೆ, ಬಾಗಿಲ ಚೌಕಟ್ಟಿಗೆ ಮೊಣಕೈ ಒತ್ತಿ ಮೆಲ್ಲಗೆ ಉಜ್ಜಿಕೊಂಡೆ. ವರ ನೋಡಿಬಿಟ್ಟ.

ಆಮೇಲೆ ಹಿತ್ತಲಲ್ಲಿ ಇಬ್ಬರೇ ಮಾತಾಡಲು ಬಿಟ್ಟರು. ಮುಚ್ಚಿಟ್ಟು ಮದುವೆಯಾಗಲು ಮನಸ್ಸೊಪ್ಪಲಿಲ್ಲ. ಅಮ್ಮ ಏನಾದರೂ ಅನ್ನಲಿ ಎಂದು ಹೇಳಿಯೇಬಿಟ್ಟೆ: "ನನಗ ಇಸುಬು ಐತ್ರಿ. ಮುಟ್ಟಿದ್ರ ಬರಂಗಿಲ್ಲ. ಆದ್ರ ಪೂರ್ತಿ ಹೋಗಂಗೂ ಇಲ್ಲ."

ಆತ ದೊಡ್ಡದೊಂದು ಉಸಿರು ಬಿಟ್ಟ. "ಅಷ್ಟೇ ಏನು? ಮೊಣಕೈ ಅಲ್ಲಾಡಿಸಿ ಈ ಮದಿವಿ ಬ್ಯಾಡ ಅಂತ ಸನ್ನೆ ಮಾಡಾಕತ್ತೀರಿ ಅಂದ್ಕೊಂಡಿದ್ದೆ."

ವಂಶ

ಮಗಳಿಗೆ ಏಳು ತಿಂಗಳಾದಾಗ ಎರಡೂ ಕೆನ್ನೆ ಕೆಂಪಾಗಿ ಒಡೆದವು. ಇದು ಸೊಸೆಯ ಕಡೆಯಿಂದಲೇ ಬಂದದ್ದೆಂದು ಅತ್ತೆ ಬೀದಿಗೆಲ್ಲ ಹೇಳಿಯಾಗಿತ್ತು. ನನಗೆ ತಲೆ ಎತ್ತಲಾಗದು. ಬಳ್ಳಾರಿಯ ಪಾರ್ವತಿನಗರದ ಚರ್ಮದ ಡಾಕ್ಟರ ಹತ್ತಿರ ನಾನು, ಅತ್ತೆ, ಕೂಸು ಮೂವರೂ ಹೋದೆವು. ಸುಡುಸುಡು ನೀರು ಬೇಡ, ಬೆಚ್ಚಗಿನ ನೀರಲ್ಲಿ ಬೇಗ ಮೀಸಿ, ಮೈ ಹಸಿಯಿರುವಾಗಲೇ ಮುಲಾಮು ಹಚ್ಚಿ, ಹತ್ತಿ ಬಟ್ಟೆ ಹಾಕಿ ಎಂದರು ಡಾಕ್ಟರು. ನಂತರ, ಮನೆಯಲ್ಲಿ ಯಾರಿಗಾದರೂ ದಮ್ಮು, ಅಲರ್ಜಿ ಇದೆಯೇ ಎಂದು ಕೇಳಿದರು.

ಅತ್ತೆ ನೆಟ್ಟಗೆ ಕೂತರು. "ನಮ್ಮ ಕಡಿ ಯಾರಿಗೂ ಏನೂ ಇಲ್ರಿ. ನಮ್ಮ ಮಾವನೋರಿಗೆ ದಮ್ಮಿತ್ತು, ಮೈದುನಗ ಧೂಳು ಆಗಿಬರಂಗಿಲ್ಲ, ನನಗ ಮುಂಜಾನಿ ಎದ್ದ ಕೂಡ್ಲೆ ಇಪ್ಪತ್ತು ಸೀನು. ಅಷ್ಟು ಬಿಟ್ರ ಎಲ್ಲಾರೂ ಗಟ್ಟಿ ಅದೀವಿ."

ಇವೆಲ್ಲ ಒಂದೇ ಬಳಗದವು, ಎರಡೂ ಕಡೆಯಿಂದ ಬಂದಿರಬಹುದು ಎಂದು ಡಾಕ್ಟರು ನಗುತ್ತ ತಿಳಿಸಿದರು. ಅತ್ತೆ ಮನೆಗೆ ಬಂದವರೇ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಾವೇ ಮುಲಾಮು ಹಚ್ಚಿದರು.

ಈಗ ಅತ್ತೆ ಇಲ್ಲ. ಆದರೆ ಅಂದು ಸಂಜೆ ಪಕ್ಕದ ಮನೆಯಾಕೆ ವಿಚಾರಿಸಲು ಬಂದಾಗ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಥೇಟ್ ನಮ್ಮ ಮನಿತನದ ಚರ್ಮ ನೋಡ್ರಿ, ಭಾಳ ಸೂಕ್ಷ್ಮ. ನಮ್ಮ ಮನಿಗೆ ಬಂದ ಮ್ಯಾಲ ನಮ್ಮ ಸೊಸಿಗೂ ಬಂದುಬಿಟ್ಟೈತಿ."