ಬೀಗಿತ್ತಿಯ ದೊರೆಸಾನಿ

ನನ್ನ ಮೊಮ್ಮಗಳಿಗೆ ಇವತ್ತು ಹೆಸರಿಟ್ಟೆವು! ಹನ್ನೊಂದು ದಿನದ ಕೂಸಿನ ಕಿವಿಯಲ್ಲಿ ಮೂರು ಸಲ ಹೇಳಿದವಳು ನಾನೇ! ಯಾವ ಹೆಸರು ಅಂತೀರಾ? ತಡೆಯಿರಿ, ಮೊದಲು ನನ್ನ ಹೊಟ್ಟೆಕಿಚ್ಚಿನ ಕಥೆ ಕೇಳಿ.

ನನ್ನ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಮನೆ ಮಾಡಿರುವುದು ಅಮೆರಿಕದ ಮುಕಿಲ್ಟಿಯೊ ಎಂಬ ಊರಿನಲ್ಲಿ. ಬದುಕುವುದು ಮಾತ್ರ ಏಳುನೂರು ವರ್ಷದ ಹಿಂದಿನ ಸ್ಕಾಟ್ಲೆಂಡಿನಲ್ಲಿ! ಅಲ್ಲಿ ಮಾರ್ಜರಿ ಎಂಬ ದೊರೆಸಾನಿ ಇದ್ದಳಂತೆ. ಮೂವರು ಗಂಡಂದಿರು, ಒಂಬತ್ತು ಮಕ್ಕಳು. ಗಂಡ ಯುದ್ಧಕ್ಕೆ ಹೋದಾಗ ಕೋಟೆ ಬಾಗಿಲು ಹಾಕಿಸಿ ಚಳಿಗಾಲವಿಡೀ ಶತ್ರುಗಳನ್ನು ಹೊರಗೇ ನಡುಗಿಸಿದಳಂತೆ. ಬೀಗಿತ್ತಿ ಅವಳ ವಂಶ. "ಆ ಎರಡನೇ ಗಂಡ ಅವಳಿಗೆ ತಕ್ಕವನಲ್ಲ" ಎಂದು ಪಕ್ಕದ ಮನೆಯವಳ ಸುದ್ದಿಯ ಹಾಗೆ ಮರುಗುತ್ತಾಳೆ. ಮಗಳು ಅದನ್ನೆಲ್ಲ ನನಗೆ ಕನ್ನಡದಲ್ಲಿ ಹೇಳಬೇಕು!

ಕೂಸು ಹುಟ್ಟಿದಾಗ ನಾನು "ನಮ್ಮಮ್ಮನ ಮೂಗು" ಎನ್ನುವಷ್ಟರಲ್ಲಿ ಆಕೆ "ದೊರೆಸಾನಿಯ ಗಲ್ಲ!" ಎಂದುಬಿಟ್ಟಳು. ಫೋಟೋ ಇಲ್ಲದ ಕಾಲದ ಗಲ್ಲ ಈಕೆಗೆ ಹೇಗೆ ಗೊತ್ತು?

ನಿನ್ನೆ ಅಲ್ಲೇ ಹತ್ತಿರದ ಕರ್ಕ್‌ಲ್ಯಾಂಡಿನಲ್ಲಿರುವ ಮಗಳ ಮನೆಗೆ ಒಂದು ಕಾಗದದ ಸುರುಳಿ ತಂದಳು. ಬಿಚ್ಚಿದಳು, ಬಿಚ್ಚಿದಳು, ಸೋಫಾದಿಂದ ಅಡುಗೆಮನೆವರೆಗೂ ವಂಶಾವಳಿ! ನಾನು ಬಾಣಂತಿಗೆ ಸಾರು ಹಿಡಿದು ದಾಟಹೊರಟೆ.

"ಅಮ್ಮಾ, ತುಳೀಬೇಡ! ಅದು ಅವ್ರ ಮುತ್ತಜ್ಜಿ!"

"ಮುತ್ತಜ್ಜೀನ ಸ್ವಲ್ಪ ಸರ್ಕೊಳ್ಳೋಕೆ ಹೇಳೇ, ಸಾರು ಆರ್ತಿದೆ!"

ತುದಿಯಲ್ಲಿ ಕೂಸಿನ ಜಾಗ. ಅಲ್ಲಿ ಪೆನ್ಸಿಲಿನಲ್ಲಿ ಆಗಲೇ 'ಮಾರ್ಜರಿ'! ನನಗೆ ಒಳಗೆಲ್ಲ ಉರಿದುಹೋಯಿತು. ನಮ್ಮಮ್ಮನ ಹೆಸರಿಡಬೇಕೆಂದು ಎಷ್ಟು ಆಸೆಯಿತ್ತು! ಬಾಯಿಬಿಟ್ಟಿರಲಿಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಕೋಟೆ ಕಾದವಳ ಮುಂದೆ ನಮ್ಮಮ್ಮನನ್ನು ಹೇಗೆ ನಿಲ್ಲಿಸಲಿ?

ಇವತ್ತು ಬೆಳಿಗ್ಗೆ ಬೀಗಿತ್ತಿ ಪೆನ್ಸಿಲ್ ಹಿಡಿದು ನನ್ನೆದುರೇ ಕುಳಿತಳು.

"ಅಮ್ಮ, ನಿನ್ನ ಕಡೆಯವ್ರನ್ನೂ ಬರೀತಾರಂತೆ, ಹೇಳು," ಎಂದಳು ಮಗಳು.

"ನಮ್ಮಮ್ಮ ಗೌರಮ್ಮ. ಅವರಮ್ಮ ನಂಜಮ್ಮ."

"ಅವರಮ್ಮ?"

ಎಲ್ಲರೂ ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದರು. ಹೆಸರು ಯಾರೂ ಕೇಳಿರಲಿಲ್ಲ. ಯಾವಳಾದರೂ ಒಬ್ಬ ರಾಣಿಯನ್ನು ಹುಟ್ಟಿಸಿ ಹೇಳಿಬಿಡಲೇ ಅನ್ನಿಸಿತು! ಆಗಲಿಲ್ಲ.

"ಗೊತ್ತಿಲ್ಲ ಕಣೇ," ಎಂದೆ. ಕಣ್ಣು ತುಂಬಿಬಂತು.

ಬೀಗಿತ್ತಿ ಸುರುಳಿಯ ಆ ತುದಿಗೆ ಹೋಗಿ, ದೊರೆಸಾನಿಯ ಹೆಸರಿನ ಮೇಲೆ ಬೆರಳಿಟ್ಟು ಏನೋ ಹೇಳಿದಳು. ಮಗಳ ದನಿ ಮೆತ್ತಗಾಯಿತು.

"ದೊರೆಸಾನಿ ಅಮ್ಮನ ಹೆಸರೂ ಯಾರಿಗೂ ಗೊತ್ತಿಲ್ವಂತೆ. ಅಪ್ಪನ ಹೆಸರು ಮಾತ್ರ ಬರೆದಿಟ್ಟಿದಾರಂತೆ. ಇವ್ರು ಮೂವತ್ತು ವರ್ಷದಿಂದ ಹುಡುಕ್ತಾನೇ ಇದಾರಂತೆ. ನಿಮ್ಮಮ್ಮನ ಹೆಸರಾದ್ರೂ ಉಳೀಲಿ ಅಂತಿದಾರೆ."

ಬೀಗಿತ್ತಿ ಮಾರ್ಜರಿಯನ್ನು ಅಳಿಸಿ ಪೆನ್ಸಿಲನ್ನು ನನ್ನ ಕೈಗಿಟ್ಟಳು. ದಪ್ಪ ಕನ್ನಡ ಅಕ್ಷರದಲ್ಲಿ 'ಗೌರಿ' ಎಂದು ಬರೆದೆ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತಾಗ ಗೌರಿ ಕಿರುಚಿಕೊಂಡಳು. ಬೀಗಿತ್ತಿ ತಟ್ಟೆ ಬಿಟ್ಟು ಎತ್ತಿಕೊಂಡಳು. ಕೂಸು ಆಕೆಯ ತೋಳಲ್ಲೇ ನಿದ್ದೆಹೋಯಿತು. ಆಕೆಯ ಅನ್ನ ಆರುತ್ತಿತ್ತು, ಎರಡೂ ಕೈಯಲ್ಲಿ ಮಗು. ನಾನು ಕಲಸಿ, ಒಂದು ತುತ್ತು ಮಾಡಿ ಬಾಯಿಗೆ ಹಿಡಿದೆ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ತಿಂದಳು. ಇನ್ನೊಂದಕ್ಕೆ ತಾನಾಗಿಯೇ ಬಾಯಿ ತೆರೆದಳು.